ಸೋತವರನ್ನೇ ಸೈನಿಕರನ್ನಾಗಿ ಮಾಡಿಕೊಂಡ ರೋಮ್

ಗ್ರೀಸ್‌ನ ಥೆಸಲಿ ಬಯಲಿನಲ್ಲಿ ಲಾರಿಸಾ ಎಂಬ ಊರಿದೆ. ಕ್ರಿ.ಪೂ. 215ರ ಸುಮಾರಿಗೆ ಮ್ಯಾಸಿಡೋನಿಯಾದ ದೊರೆ ಐದನೇ ಫಿಲಿಪ್ ಆ ಊರಿನವರಿಗೆ ಒಂದು ಪತ್ರ ಬರೆದ. ಯುದ್ಧಗಳಿಂದ ನಿಮ್ಮಲ್ಲಿ ಜನ ಕಡಿಮೆಯಾಗಿದ್ದಾರೆ, ನಿಮ್ಮ ನಡುವೆ ನೆಲೆಸಿರುವ ಹೊರಗಿನ ಗ್ರೀಕರಿಗೂ ಪೌರತ್ವ ಕೊಡಿ, ಹೊಲ ಉಳುವುದಕ್ಕೆ ಕೈಗಳು ಸಿಗುತ್ತವೆ ಎಂದು ಹೇಳಿದ. ಊರಿನವರು ಮೊದಲು ಒಪ್ಪಿದರು. ಹೊಸಬರ ಹೆಸರುಗಳನ್ನು ಕೆತ್ತಿಸಿದರು. ಆಮೇಲೆ ಮನಸ್ಸು ತಿರುಗಿತು, ಹೆಸರುಗಳನ್ನು ಅಳಿಸಿಹಾಕಿದರು. ಫಿಲಿಪ್ ಮತ್ತೊಂದು ಪತ್ರ ಬರೆಯಬೇಕಾಯಿತು. ಈ ಸಲ ಅವನು ಒಂದು ಉದಾಹರಣೆ ಕೊಟ್ಟ. ರೋಮನ್ನರನ್ನು ನೋಡಿ, ಅವರು ಗುಲಾಮರನ್ನು ಬಿಡುಗಡೆ ಮಾಡಿದಾಗಲೂ ಪೌರರನ್ನಾಗಿ ಮಾಡಿಕೊಳ್ಳುತ್ತಾರೆ, ಅಧಿಕಾರದಲ್ಲೂ ಪಾಲು ಕೊಡುತ್ತಾರೆ, ಅದಕ್ಕೇ ಅವರ ನಾಡು ಬೆಳೆದಿದೆ, ಸುಮಾರು 70 ಕಡೆ ಅವರ ಜನ ಹೋಗಿ ಊರು ಕಟ್ಟಿದ್ದಾರೆ ಎಂಬುದು ಅದರ ಸಾರ.

ಕಲ್ಲಿನಲ್ಲಿ ಕೆತ್ತಿಸಿದ್ದರಿಂದ ಆ ಪತ್ರ ಇವತ್ತಿಗೂ ಓದಲು ಸಿಗುತ್ತದೆ. ಅದರಲ್ಲಿ ತಪ್ಪುಗಳಿವೆ. ಬಿಡುಗಡೆಯಾದ ಗುಲಾಮನಿಗೆ ರೋಮ್‌ನಲ್ಲಿ ಅಧಿಕಾರದ ಹುದ್ದೆ ಸಿಗುತ್ತಿರಲಿಲ್ಲ, ಅವನ ಮಗನಿಗೆ ಸಿಗಬಹುದಿತ್ತು. 70 ಎನ್ನುವ ಲೆಕ್ಕವೂ ಜಾಸ್ತಿಯಾಯಿತು. ಆದರೂ ಈ ಪತ್ರ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಬರೆದವನು ರೋಮ್‌ನ ಗೆಳೆಯನಲ್ಲ. ಅದೇ ಹೊತ್ತಿನಲ್ಲಿ ಅವನು ರೋಮ್‌ನ ದೊಡ್ಡ ಶತ್ರು ಹ್ಯಾನಿಬಲ್ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಎದುರಾಳಿಯ ಬಲ ಎಲ್ಲಿದೆ ಎಂದು ಕಣ್ಣಿಟ್ಟು ನೋಡುತ್ತಿದ್ದ ದೊರೆ ಅವನು. ಅವನ ಕಣ್ಣಿಗೆ ಬಿದ್ದದ್ದು ರೋಮ್‌ನ ಕತ್ತಿಯಲ್ಲ, ಪೌರರ ಪಟ್ಟಿ.

ರೋಮ್ ಹೇಗೆ ಬೆಳೆಯಿತು ಎಂದು ಕೇಳಿದರೆ ನಮಗೆ ಥಟ್ಟನೆ ನೆನಪಾಗುವುದು ಶಿಸ್ತಿನ ಸೈನ್ಯ, ಸಾಲಾಗಿ ಹಿಡಿದ ಗುರಾಣಿಗಳು, ಜೂಲಿಯಸ್ ಸೀಸರ್. ಸೈನ್ಯ ಚೆನ್ನಾಗಿತ್ತು, ಸುಳ್ಳಲ್ಲ. ಆದರೆ ರೋಮನ್ನರು ಸೋತ ಯುದ್ಧಗಳ ಪಟ್ಟಿಯೂ ಉದ್ದವಾಗಿದೆ. ಗಾಲರ ಕೈಲಿ ಸೋತರು. ಸ್ಯಾಮ್ನೈಟ್ ಗುಡ್ಡಗಾಡಿನವರ ಕೈಲಿ ಸೋತರು. ಪಿರಸ್ ಕೈಲಿ, ಹ್ಯಾನಿಬಲ್ ಕೈಲಿ ಸೋತರು. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ ಸಾವಿರಾರು ಜನರನ್ನು ಕಳೆದುಕೊಂಡರು. ಬೇರೆ ಯಾವ ಊರಾದರೂ ಇವುಗಳಲ್ಲಿ ಒಂದೆರಡಕ್ಕೇ ಮುಗಿದುಹೋಗುತ್ತಿತ್ತು. ರೋಮ್ ಮಾತ್ರ ಮುಂದಿನ ವರ್ಷ ಹೊಸ ಸೈನ್ಯ ಕಟ್ಟಿಕೊಂಡು ಬರುತ್ತಿತ್ತು. ಆ ಜನ ಎಲ್ಲಿಂದ ಬಂದರು? ಇದೇ ಅಸಲಿ ಪ್ರಶ್ನೆ.

ಊರಿಗೊಂದು ಒಪ್ಪಂದ

ಶುರುವಿನಲ್ಲಿ ರೋಮ್ ಒಂದು ಸಾಧಾರಣ ಊರು. ಟೈಬರ್ ನದಿಯ ದಂಡೆ, ಕೆಲವು ದಿಬ್ಬಗಳು, ಸುತ್ತ ಹೊಲ. ಅದರ ಮೊದಲ ದೊಡ್ಡ ಎದುರಾಳಿ ಎಟ್ರಸ್ಕನ್ ಎಂಬ ಜನರ ವೇಯಿ ನಗರ. ದೂರ ಎಷ್ಟು ಗೊತ್ತಾ? ಸುಮಾರು 16 ಕಿಲೋಮೀಟರ್. ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ನಡೆದು ಹೋಗಬಹುದು. ಈ ಪಕ್ಕದ ಊರನ್ನು ಗೆಲ್ಲಲು ರೋಮ್‌ಗೆ ಕ್ರಿ.ಪೂ. 396ರವರೆಗೆ ಕಾಯಬೇಕಾಯಿತು. ಹತ್ತು ವರ್ಷ ಮುತ್ತಿಗೆ ಹಾಕಿದರು ಎಂಬ ಕತೆ ರೋಮನ್ನರಲ್ಲಿ ಇತ್ತು. ಗೆದ್ದ ಮೇಲೆ ವೇಯಿಯ ಹೊಲಗಳನ್ನು ರೋಮ್‌ನ ಬಡವರಿಗೆ ಹಂಚಿದರು. ಕೆಲವೇ ವರ್ಷಗಳಲ್ಲಿ ಉತ್ತರದಿಂದ ಗಾಲರು ಬಂದು ರೋಮ್ ಊರನ್ನೇ ಸೂರೆ ಮಾಡಿ ಹೋದರು. ಆ ಅವಮಾನವನ್ನು ರೋಮನ್ನರು ಮುಂದೆ ನೂರಾರು ವರ್ಷ ಮರೆಯಲಿಲ್ಲ.

ನನ್ನ ಮಟ್ಟಿಗೆ ನಿಜವಾದ ತಿರುವು ಬಂದದ್ದು ಕ್ರಿ.ಪೂ. 338ರಲ್ಲಿ. ರೋಮ್ ಸುತ್ತ ಲ್ಯಾಟಿನ್ ಮಾತಾಡುವ ಹತ್ತಾರು ಊರುಗಳಿದ್ದವು. ಒಂದೇ ಭಾಷೆ, ಒಂದೇ ದೇವರು, ಪರಸ್ಪರ ಹೆಣ್ಣು ಕೊಟ್ಟು ತಂದ ನೆಂಟಸ್ತಿಕೆ. ಕ್ರಿ.ಪೂ. 340ರಲ್ಲಿ ಇವೆಲ್ಲ ಸೇರಿ ರೋಮ್ ವಿರುದ್ಧ ತಿರುಗಿಬಿದ್ದವು. ಎರಡು ವರ್ಷದಲ್ಲಿ ರೋಮ್ ಗೆದ್ದಿತು. ಈಗ ಸೋತವರನ್ನು ಏನು ಮಾಡುವುದು?

ಗೆದ್ದವರು ಸಾಮಾನ್ಯವಾಗಿ ಮಾಡುವುದು ಎರಡರಲ್ಲಿ ಒಂದು. ಊರು ಸುಟ್ಟು ಜನರನ್ನು ಮಾರುವುದು, ಇಲ್ಲವೇ ಪ್ರತಿ ವರ್ಷ ಕಪ್ಪ ಕೇಳುವುದು. ರೋಮನ್ ಹಿರಿಯರ ಸಭೆಯಾದ ಸೆನೆಟ್ ಎರಡನ್ನೂ ಮಾಡಲಿಲ್ಲ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ತೀರ್ಪು ಕೊಡಲಿಲ್ಲ. ಒಂದೊಂದೇ ಊರನ್ನು ತೆಗೆದುಕೊಂಡು ಬೇರೆ ಬೇರೆ ತೀರ್ಮಾನ ಮಾಡಿತು. ಲನುವಿಯಮ್, ಅರಿಸಿಯಾ ತರಹದ ಊರುಗಳಿಗೆ ಪೂರ್ತಿ ಪೌರತ್ವ ಸಿಕ್ಕಿತು. ಟಿಬುರ್ ಮತ್ತು ಪ್ರೆನೆಸ್ಟೆ ಒಂದಷ್ಟು ಭೂಮಿ ಕಳೆದುಕೊಂಡವು, ಆದರೆ ಹೆಸರಿಗೆ ಸ್ವತಂತ್ರ ಮಿತ್ರರಾಗಿ ಉಳಿದವು. ದಕ್ಷಿಣದ ಕಾಪುವಾಗೆ ಸಿಕ್ಕಿದ್ದು ಅರ್ಧ ಪೌರತ್ವ. ಅಲ್ಲಿಯವನು ರೋಮನ್ನರ ಜೊತೆ ಕಾನೂನುಬದ್ಧವಾಗಿ ವ್ಯಾಪಾರ ಮಾಡಬಹುದು, ಮದುವೆ ಆಗಬಹುದು, ಮತ ಹಾಕುವಂತಿಲ್ಲ. ಅಂತಿಯಮ್ ಎಂಬ ಕಡಲ ಊರಿನ ಹಡಗುಗಳನ್ನು ಕಿತ್ತುಕೊಂಡು, ಅವುಗಳ ಮೂತಿಗಳನ್ನು ರೋಮ್‌ನ ಭಾಷಣದ ಕಟ್ಟೆಗೆ ಸಿಕ್ಕಿಸಿದರು. ಆ ಕಟ್ಟೆಗೆ ರೋಸ್ಟ್ರಾ ಎಂಬ ಹೆಸರು ಬಂದದ್ದೇ ಈ ಹಡಗಿನ ಮೂತಿಗಳಿಂದ.

ಉಳಿದ ಲ್ಯಾಟಿನ್ ಊರುಗಳಿಗೆ ಇನ್ನೊಂದು ಷರತ್ತು ಇತ್ತು, ಅದು ಬಹಳ ಚುರುಕಾದ ಷರತ್ತು. ನೀವು ನಿಮ್ಮ ನಿಮ್ಮಲ್ಲೇ ಮದುವೆ, ವ್ಯಾಪಾರ, ಸಭೆ ನಡೆಸುವಂತಿಲ್ಲ. ಅಂದರೆ ಒಂದು ಊರಿನವನಿಗೆ ಪಕ್ಕದ ಊರಿನವನ ಜೊತೆ ಸಂಬಂಧ ಕಡಿಯಿತು, ಉಳಿದ ದಾರಿ ರೋಮ್ ಕಡೆಗೆ ಮಾತ್ರ. ಚಕ್ರದ ಅರಗಳನ್ನು ನೆನಪಿಸಿಕೊಳ್ಳಿ. ಪ್ರತಿ ಅರವೂ ನಡುವಿನ ಗುಂಬಕ್ಕೆ ಕೂಡಿರುತ್ತದೆ, ಒಂದು ಅರ ಪಕ್ಕದ ಅರವನ್ನು ಮುಟ್ಟುವುದಿಲ್ಲ.

ಇಷ್ಟೆಲ್ಲ ಮಾಡಿ ರೋಮ್ ಕೇಳಿದ್ದು ಏನು? ಮಿತ್ರರಿಂದ ತೆರಿಗೆ ಕೇಳಲಿಲ್ಲ. ನಿಮ್ಮ ದೇವಸ್ಥಾನ ನಿಮ್ಮದು, ನಿಮ್ಮ ಪಂಚಾಯಿತಿ ನಿಮ್ಮದು, ನಿಮ್ಮ ಭಾಷೆ ನಿಮ್ಮದು. ನಾವು ಯುದ್ಧಕ್ಕೆ ಕರೆದಾಗ ಇಷ್ಟು ಜನ ಕಳಿಸಿ, ಅವರ ಸಂಬಳ ನೀವೇ ಕೊಡಿ. ಅಷ್ಟೇ.

ಕೇಳಲು ಹಗುರವಾದ ಬೇಡಿಕೆ. ಆದರೆ ಇಲ್ಲಿಂದಲೇ ರೋಮ್ ಒಂದು ಯಂತ್ರದ ಹಾಗೆ ಓಡತೊಡಗಿತು. ಸೋತ ಪ್ರತಿ ಊರೂ ಮುಂದಿನ ಯುದ್ಧಕ್ಕೆ ಸೈನಿಕರನ್ನು ಕೊಟ್ಟಿತು. ಆ ಯುದ್ಧ ಗೆದ್ದರೆ ಇನ್ನೊಂದು ಊರು ಸೇರಿತು, ಅದೂ ಸೈನಿಕರನ್ನು ಕೊಟ್ಟಿತು. ಸೂರೆಯಲ್ಲಿ ಮಿತ್ರರಿಗೂ ಪಾಲು ಸಿಗುತ್ತಿತ್ತು, ಹಾಗಾಗಿ ನಿನ್ನೆ ಸೋತವನಿಗೂ ನಾಳೆಯ ಗೆಲುವಿನಲ್ಲಿ ಆಸೆ ಇರುತ್ತಿತ್ತು. ಇದರಲ್ಲೇ ಒಂದು ಒತ್ತಡವೂ ಅಡಗಿತ್ತು. ಕಪ್ಪ ವಸೂಲಿ ಮಾಡುವ ದೊರೆ ಯುದ್ಧ ಇಲ್ಲದಿದ್ದರೂ ಶ್ರೀಮಂತನಾಗುತ್ತಾನೆ. ಸೈನಿಕರನ್ನು ಮಾತ್ರ ಪಡೆಯುವ ಊರಿಗೆ ಯುದ್ಧವಿಲ್ಲದ ವರ್ಷ ಮಿತ್ರರಿಂದ ಏನೂ ಸಿಗುವುದಿಲ್ಲ. ಸೈನಿಕರನ್ನು ಕರೆಯದೇ ಸುಮ್ನೆ ಬಿಟ್ಟರೆ ಒಪ್ಪಂದದ ಕಟ್ಟೇ ಸಡಿಲವಾಗುತ್ತದೆ. ಇದರ ಜೊತೆಗೆ ಪ್ರತಿ ವರ್ಷ ಇಬ್ಬರು ಹೊಸ ಮುಖ್ಯ ಅಧಿಕಾರಿಗಳು, ಅಂದರೆ ಕಾನ್ಸಲ್‌ಗಳು ಆಯ್ಕೆಯಾಗುತ್ತಿದ್ದರು. ಅವರಿಗೆ ಸಿಗುವುದು ಒಂದೇ ವರ್ಷದ ಅಧಿಕಾರ. ಆ ಒಂದು ವರ್ಷದಲ್ಲಿ ದೊಡ್ಡ ಗೆಲುವು ಸಾಧಿಸಿದರೆ ರಥದಲ್ಲಿ ಕೂತು ಊರಿನ ಬೀದಿಯಲ್ಲಿ ವಿಜಯ ಮೆರವಣಿಗೆ, ಮನೆತನಕ್ಕೆ ತಲೆಮಾರುಗಳ ಹೆಸರು. ಯಾವ ಕಾನ್ಸಲ್ ಸುಮ್ಮನೆ ಕೂರುತ್ತಾನೆ?

ಹಾಗಂತ ರೋಮನ್ನರು ತಮ್ಮನ್ನು ದಾಳಿಕೋರರು ಎಂದುಕೊಳ್ಳಲಿಲ್ಲ. ಯುದ್ಧ ಸಾರುವುದಕ್ಕೇ ಫೆಟಿಯಲ್ಸ್ ಎಂಬ ಪುರೋಹಿತರಿದ್ದರು. ಎದುರಾಳಿಯ ಗಡಿಗೆ ಹೋಗಿ, ನಮಗೆ ಆದ ಅನ್ಯಾಯ ಸರಿಪಡಿಸಿ ಎಂದು ಕೇಳುವುದು, ಗಡುವು ಮುಗಿದರೆ ಈಟಿ ಎಸೆಯುವುದು ಅವರ ಶಾಸ್ತ್ರ. ಮಿತ್ರರು ಜಾಸ್ತಿಯಾದಷ್ಟೂ ಮಿತ್ರರ ಜಗಳಗಳೂ ಜಾಸ್ತಿಯಾದವು. ಪ್ರತಿ ಜಗಳವೂ ಕಾಪಾಡಲು ಹೋಗುವ ಒಂದು ಕಾರಣವಾಯಿತು.

ಗುಡ್ಡಗಾಡಿನ ಪಾಠ

ಇಟಲಿಯ ಬೆನ್ನೆಲುಬಿನ ಹಾಗಿರುವ ಅಪೆನ್ನೈನ್ ಬೆಟ್ಟಗಳಲ್ಲಿ ಸ್ಯಾಮ್ನೈಟ್ ಜನ ಇದ್ದರು. ಕ್ರಿ.ಪೂ. 328ರಲ್ಲಿ ರೋಮ್ ಲಿರಿಸ್ ನದಿಯ ದಾಟಿನಲ್ಲಿ, ಅವರ ಮೂಗಿನ ಕೆಳಗೇ, ಫ್ರೆಗೆಲ್ಲೆ ಎಂಬ ಹೊಸ ಊರು ಕಟ್ಟಿತು. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬರುತ್ತದೆ. ಸ್ಯಾಮ್ನೈಟರಿಗೆ ಸಿಟ್ಟು ಬಂತು. 326ರಿಂದ 304ರವರೆಗೆ ಯುದ್ಧ ನಡೆಯಿತು. ನಡುವೆ 321ರಲ್ಲಿ ಕೌಡಿನ್ ಕಣಿವೆಯಲ್ಲಿ ರೋಮನ್ ಸೈನ್ಯ ಪೂರ್ತಿಯಾಗಿ ಸಿಕ್ಕಿಬಿತ್ತು. ಆಯುಧ ಕೆಳಗಿಟ್ಟು, ಈಟಿಗಳಿಂದ ಮಾಡಿದ ನೊಗದ ಕೆಳಗೆ ತಲೆ ಬಗ್ಗಿಸಿ ಒಬ್ಬೊಬ್ಬರೇ ದಾಟಿ ಬರಬೇಕಾಯಿತು.

ರೋಮ್ ಇದಕ್ಕೆ ಉತ್ತರ ಕೊಟ್ಟದ್ದು ರಸ್ತೆ ಮತ್ತು ಊರುಗಳಿಂದ. 312ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿ ರೋಮ್‌ನಿಂದ ಕಾಪುವಾಗೆ ನೇರ ರಸ್ತೆ ಹಾಕಿಸಲು ಶುರು ಮಾಡಿದ. ಅದೇ ಅಪ್ಪಿಯನ್ ಮಾರ್ಗ. ಅದರ ಕಲ್ಲುಹಾಸಿನ ಮೇಲೆ ಇವತ್ತೂ ನಡೆಯಬಹುದು. ಸೈನ್ಯ ಬೇಗ ಹೋಗಿ ಮುಟ್ಟಬೇಕು ಎನ್ನುವುದೇ ಅದರ ಮೊದಲ ಉದ್ದೇಶ. ಇನ್ನೊಂದು ಕಡೆ ಲುಸೇರಿಯಾ, ಆಲ್ಬಾ ಫುಸೆನ್ಸ್, ವೆನೂಸಿಯಾ ಹೀಗೆ ಒಂದಾದ ಮೇಲೊಂದು ವಸಾಹತು ಕಟ್ಟಿದರು. ಸಾವಿರಾರು ಸಂಸಾರಗಳಿಗೆ ಗೆದ್ದ ಭೂಮಿ ಕೊಟ್ಟು ಅಲ್ಲಿ ನೆಲೆಗೊಳಿಸಿದರು. ಇವು ಲ್ಯಾಟಿನ್ ವಸಾಹತುಗಳು. ಅಲ್ಲಿಗೆ ಹೋದವನು ರೋಮ್‌ನ ಮತ ಬಿಡುತ್ತಿದ್ದ, ಬದಲಿಗೆ ಹೊಲ ಪಡೆಯುತ್ತಿದ್ದ. ಅವನ ಹೊಲದ ಹಳೆಯ ಒಡೆಯ ಪಕ್ಕದ ಗುಡ್ಡದಲ್ಲೇ ಇರುತ್ತಿದ್ದ. ಹಾಗಾಗಿ ಅವನು ರೋಮ್‌ಗೆ ನಿಷ್ಠನಾಗಿರಲೇಬೇಕಿತ್ತು. ಕೋಟೆಯ ಕಾವಲುಗಾರನಿಗಾದರೆ ಸಂಬಳ ಕೊಡಬೇಕು. ಈ ರೈತ ಕಾವಲುಗಾರ ತನ್ನ ಅನ್ನ ತಾನೇ ಬೆಳೆದುಕೊಳ್ಳುತ್ತಿದ್ದ.

ಕ್ರಿ.ಪೂ. 290ರ ಹೊತ್ತಿಗೆ ಸ್ಯಾಮ್ನೈಟರೂ ಮಿತ್ರರ ಪಟ್ಟಿ ಸೇರಿದರು. ದಕ್ಷಿಣದ ಗ್ರೀಕ್ ನಗರ ಟರೆಂಟಮ್ ಹೆದರಿ ಎಪಿರಸ್‌ನ ದೊರೆ ಪಿರಸ್‌ನನ್ನು ಕರೆಸಿತು. ಅವನು ಆನೆಗಳನ್ನು ತಂದ. 280ರಲ್ಲೂ 279ರಲ್ಲೂ ರೋಮನ್ನರನ್ನು ಸೋಲಿಸಿದ. ಆದರೆ ಅವನ ಪಾಲಿಗೆ ಸತ್ತ ಪ್ರತಿ ಅನುಭವಿ ಸೈನಿಕ ಸಮುದ್ರದಾಚೆಯಿಂದ ಬಂದವನು, ಅವನ ಜಾಗ ತುಂಬುವವರಿಲ್ಲ. ರೋಮನ್ನರ ಪಾಲಿಗೆ ಊರೂರಿಂದ ಜನ ಬರುತ್ತಲೇ ಇದ್ದರು. ಗೆದ್ದೂ ಗೆದ್ದೂ ಸೋತ ಪಿರಸ್ 275ರಲ್ಲಿ ಇಟಲಿ ಬಿಟ್ಟು ಹೋದ. 272ರಲ್ಲಿ ಟರೆಂಟಮ್ ಶರಣಾಯಿತು.

ನೀರಿಗಿಳಿದ ರೈತರು

ಸಿಸಿಲಿ ದ್ವೀಪದ ಮೆಸ್ಸಾನಾ ಊರಿನ ಜಗಳದಲ್ಲಿ ಕೈ ಹಾಕಿ, 264ರಲ್ಲಿ ರೋಮ್ ಕಾರ್ತೇಜ್ ಜೊತೆ ಯುದ್ಧಕ್ಕೆ ನಿಂತಿತು. ಕಾರ್ತೇಜ್ ಈಗಿನ ಟ್ಯುನೀಷಿಯಾದಲ್ಲಿದ್ದ ನಗರ, ಪಶ್ಚಿಮ ಮೆಡಿಟರೇನಿಯನ್ ಸಮುದ್ರದ ಯಜಮಾನ. ರೋಮ್ ಬಳಿ ಹೇಳಿಕೊಳ್ಳುವಂಥ ನೌಕಾಪಡೆ ಇರಲಿಲ್ಲ.

ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಹೇಳುವ ಕತೆ ಹೀಗಿದೆ. ಕಾರ್ತೇಜ್‌ನ ಒಂದು ಹಡಗು ದಡಕ್ಕೆ ಬಂದು ಸಿಕ್ಕಿಹಾಕಿಕೊಂಡಿತ್ತು. ರೋಮನ್ನರು ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಹಡಗು ಕಟ್ಟಿದರು. ಒಂದೆಡೆ ಹಡಗು ಏಳುತ್ತಿದ್ದರೆ, ಇನ್ನೊಂದೆಡೆ ದಡದ ಮೇಲೆ ಬೆಂಚು ಹಾಕಿ ಜನರಿಗೆ ಹುಟ್ಟು ಹಾಕುವುದನ್ನು ಕಲಿಸಿದರು. ನೀರೇ ಇಲ್ಲದ ಕಡೆ ದೋಣಿ ನಡೆಸುವ ಅಭ್ಯಾಸ! ದೊಡ್ಡ ಹಡಗುಗಳು 100, ಸಣ್ಣವು 20. ಕಾರ್ತೇಜ್ ನಾವಿಕರ ಚಳಕದ ಮುಂದೆ ತಮ್ಮ ಆಟ ನಡೆಯದು ಎಂದು ಗೊತ್ತಿತ್ತು. ಅದಕ್ಕೆ ಕೊರ್ವಸ್, ಅಂದರೆ ಕಾಗೆ, ಎಂಬ ಸೇತುವೆ ಮಾಡಿದರು. ತುದಿಯಲ್ಲಿ ಕಬ್ಬಿಣದ ಕೊಕ್ಕು. ಎದುರಾಳಿಯ ಹಡಗಿನ ಮೇಲೆ ಬೀಳಿಸಿದರೆ ಕಚ್ಚಿ ಹಿಡಿಯುತ್ತದೆ, ಸೈನಿಕರು ಅದರ ಮೇಲೆ ಓಡಿ ನೆಲದ ಮೇಲಿನಂತೆಯೇ ಕಾದಾಡುತ್ತಾರೆ. 260ರಲ್ಲಿ ಮೈಲೆ ಬಳಿ ಈ ಉಪಾಯ ಫಲಿಸಿತು.

ಆದರೆ ಸಮುದ್ರ ಸುಲಭಕ್ಕೆ ಒಲಿಯಲಿಲ್ಲ. 255ರಲ್ಲಿ ಸಿಸಿಲಿಯ ದಕ್ಷಿಣ ತೀರದಲ್ಲಿ ಬಿರುಗಾಳಿ ಎದ್ದಾಗ 364 ಹಡಗುಗಳಲ್ಲಿ 80 ಮಾತ್ರ ಉಳಿದವು ಎನ್ನುತ್ತಾನೆ ಪೊಲಿಬಿಯಸ್. ಮತ್ತೆ ಕಟ್ಟಿದರು, ಮತ್ತೆ ಕಳೆದುಕೊಂಡರು. 242ರ ಹೊತ್ತಿಗೆ ಖಜಾನೆ ಬರಿದು. ಆಗ ಶ್ರೀಮಂತ ಪೌರರು ಮುಂದೆ ಬಂದರು. ಒಬ್ಬೊಬ್ಬರೇ, ಅಥವಾ ಇಬ್ಬರು ಮೂವರು ಸೇರಿ, ಒಂದೊಂದು ಹಡಗಿನ ಖರ್ಚು ಹೊತ್ತರು. ಗೆದ್ದರೆ ಹಣ ವಾಪಸ್ ಎಂಬುದಷ್ಟೇ ಮಾತು. ಹೀಗೆ 200 ಹಡಗು ಎದ್ದವು. 241ರ ಮಾರ್ಚ್‌ನಲ್ಲಿ ಈಗೇಟ್ಸ್ ದ್ವೀಪಗಳ ಬಳಿ ಕಾರ್ತೇಜ್ ಸೋತಿತು. ಈಚಿನ ವರ್ಷಗಳಲ್ಲಿ ಅದೇ ಕಡಲ ತಳದಿಂದ ಹಡಗುಗಳ ಕಂಚಿನ ಮೂತಿಗಳನ್ನು ಮೇಲೆತ್ತಿದ್ದಾರೆ. ಕೆಲವುಗಳ ಮೇಲೆ ರೋಮನ್ ಅಧಿಕಾರಿಗಳ ಹೆಸರು ಅಚ್ಚಾಗಿದೆ. 2,200 ವರ್ಷ ನೀರಲ್ಲಿದ್ದ ಕಂಚಿನ ಮೇಲೆ ಆ ಅಕ್ಷರ ಕಾಣುವುದು ನನಗೆ ಯಾವ ವರ್ಣನೆಗಿಂತಲೂ ಹತ್ತಿರ ಅನ್ನಿಸುತ್ತದೆ.

ಹ್ಯಾನಿಬಲ್ ಹಾಕಿದ ಲೆಕ್ಕ

ಕ್ರಿ.ಪೂ. 218ರಲ್ಲಿ ಕಾರ್ತೇಜ್ ಸೇನಾಪತಿ ಹ್ಯಾನಿಬಲ್ ಆಲ್ಪ್ಸ್ ಬೆಟ್ಟ ದಾಟಿ ಇಟಲಿಗೆ ಇಳಿದ. ಅವನಷ್ಟು ಚೆನ್ನಾಗಿ ರೋಮ್‌ನ ಬಲವನ್ನು ಅರ್ಥ ಮಾಡಿಕೊಂಡ ಶತ್ರು ಇನ್ನೊಬ್ಬನಿಲ್ಲ. ರೋಮ್ ಊರಿನ ಗೋಡೆ ಒಡೆಯುವುದಕ್ಕಿಂತ, ಆ ಚಕ್ರದ ಅರಗಳನ್ನು ಬಿಚ್ಚುವುದು ಅವನ ಯೋಜನೆ. ಯುದ್ಧದಲ್ಲಿ ಸಿಕ್ಕ ರೋಮನ್ ಸೈನಿಕರನ್ನು ಸೆರೆಯಲ್ಲಿಟ್ಟ. ಮಿತ್ರ ಊರುಗಳ ಸೈನಿಕರನ್ನು ಹಣ ಕೇಳದೇ ಬಿಟ್ಟು ಕಳಿಸಿದ. ನಾನು ನಿಮ್ಮ ಮೇಲೆ ಯುದ್ಧಕ್ಕೆ ಬಂದಿಲ್ಲ, ರೋಮ್‌ನಿಂದ ನಿಮ್ಮನ್ನು ಬಿಡಿಸಲು ಬಂದಿದ್ದೇನೆ ಎಂದು ಹೇಳಿ ಕಳಿಸಿದ.

216ರ ಆಗಸ್ಟ್‌ನಲ್ಲಿ ಕ್ಯಾನೆ ಬಯಲಿನಲ್ಲಿ ಅವನು ತನಗಿಂತ ದೊಡ್ಡ ರೋಮನ್ ಸೈನ್ಯವನ್ನು ಸುತ್ತುವರಿದು ಕೊಂದ. ಸತ್ತವರು 70,000 ಎನ್ನುತ್ತಾನೆ ಪೊಲಿಬಿಯಸ್. ಲಿವಿ ಎಂಬ ರೋಮನ್ ಇತಿಹಾಸಕಾರನ ಲೆಕ್ಕ ಸುಮಾರು 48,000. ಕಡಿಮೆ ಲೆಕ್ಕವನ್ನೇ ಹಿಡಿದರೂ ಒಂದೇ ಮಧ್ಯಾಹ್ನದಲ್ಲಿ ಒಂದು ಪಟ್ಟಣದಷ್ಟು ಜನ. ರೋಮ್‌ನಲ್ಲಿ ಯಾವ ಮನೆಗೂ ಸಾವು ತಪ್ಪಲಿಲ್ಲ. ಶೋಕವನ್ನು 30 ದಿನಕ್ಕೆ ಮುಗಿಸಿ ಎಂದು ಸೆನೆಟ್ ಆಜ್ಞೆ ಮಾಡಬೇಕಾಯಿತು. ಸೋತು ಬಂದ ಕಾನ್ಸಲ್ ವಾರೋನನ್ನು ಶಿಕ್ಷಿಸಲಿಲ್ಲ. ಊರ ಬಾಗಿಲಿಗೆ ಹೋಗಿ, ನಾಡಿನ ಬಗ್ಗೆ ನೀನು ಆಸೆ ಬಿಡಲಿಲ್ಲವಲ್ಲ ಎಂದು ಕೃತಜ್ಞತೆ ಹೇಳಿದರು. 8,000 ಗುಲಾಮರನ್ನು ಕೊಂಡು, ಅವರ ಕೈಗೆ ಆಯುಧ ಕೊಟ್ಟರು. ಸಂಧಿಯ ಮಾತು ಎತ್ತಲೇ ಇಲ್ಲ.

ಹ್ಯಾನಿಬಲ್‌ನ ಲೆಕ್ಕ ಪೂರ್ತಿ ತಪ್ಪಾಗಲಿಲ್ಲ. ಕಾಪುವಾ ಅವನ ಕಡೆ ಹೋಯಿತು. ಸ್ಯಾಮ್ನೈಟರಲ್ಲಿ ಹಲವರು ಹೋದರು. ಆಮೇಲೆ ಟರೆಂಟಮ್ ಹೋಯಿತು. ಆದರೆ ಇಟಲಿಯ ನಡುಭಾಗ ಅಲ್ಲಾಡಲಿಲ್ಲ. ಲ್ಯಾಟಿನ್ ವಸಾಹತುಗಳಲ್ಲಿ ಒಂದೂ ಬಾಗಿಲು ತೆರೆಯಲಿಲ್ಲ. ಯಾಕೆ? ನಿಷ್ಠೆ ಒಂದು ಕಾರಣ, ಅದಷ್ಟೇ ಅಲ್ಲ. ಪ್ರತಿ ಊರಿಗೂ ಪಕ್ಕದ ಊರಿನ ಜೊತೆ ಹಳೆಯ ಜಗಳ ಇತ್ತು. ಕಾಪುವಾ ಹ್ಯಾನಿಬಲ್ ಜೊತೆ ಸೇರಿತು ಎಂದರೆ, ಇನ್ನು ಮುಂದೆ ಕಾಪುವಾವೇ ನಮ್ಮ ತಲೆ ಮೇಲೆ ಕೂರುತ್ತದೆ ಎಂದು ನೆರೆಯ ನಿಯಾಪೊಲಿಸ್, ನೋಲಾ ಹೆದರಿದವು. ದೂರದ ರೋಮ್ ವಾಸಿ, ಹತ್ತಿರದ ಕಾಪುವಾ ಬೇಡ ಅನ್ನಿಸಿತು. ಕ್ರಿ.ಪೂ. 338ರಿಂದ ಊರೂರನ್ನು ಬೇರೆ ಬೇರೆಯಾಗಿ ಇಟ್ಟಿದ್ದರ ಫಲ ಇಲ್ಲಿ ಸಿಕ್ಕಿತು. ಇನ್ನೊಂದು, ಹ್ಯಾನಿಬಲ್ ಬಳಿ ಇದ್ದದ್ದು ಒಂದು ಮುಖ್ಯ ಸೈನ್ಯ. ತನ್ನ ಕಡೆ ಬಂದ ಊರುಗಳನ್ನು ಅವನು ಕಾಯಬೇಕಿತ್ತು, ಎಲ್ಲ ಕಡೆ ಒಟ್ಟಿಗೆ ಇರಲು ಆಗುತ್ತಿರಲಿಲ್ಲ. ರೋಮ್ ಮಾತ್ರ ಒಂದೇ ಸಮಯಕ್ಕೆ 20ಕ್ಕೂ ಹೆಚ್ಚು ದೊಡ್ಡ ಸೇನಾ ತುಕಡಿಗಳನ್ನು, ಅಂದರೆ ಲೀಜನ್‌ಗಳನ್ನು ಇಟಲಿ, ಸಿಸಿಲಿ, ಸ್ಪೇನ್‌ಗಳಲ್ಲಿ ನಿಲ್ಲಿಸಿತು. ಯುದ್ಧಕ್ಕೆ ಮೊದಲು, 225ರಲ್ಲಿ, ರೋಮ್ ಮತ್ತು ಮಿತ್ರರಲ್ಲಿ ಆಯುಧ ಹಿಡಿಯಬಲ್ಲವರು ಕಾಲಾಳು 7 ಲಕ್ಷ, ಕುದುರೆ ಸವಾರರು 70,000 ಎಂದು ಪೊಲಿಬಿಯಸ್ ಕೊಟ್ಟ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ.

211ರಲ್ಲಿ ಕಾಪುವಾ ಮತ್ತೆ ರೋಮ್ ಕೈಗೆ ಬಂತು. ಅಲ್ಲಿನ ಮುಖಂಡರ ತಲೆ ಕಡಿದರು, ಭೂಮಿ ಕಿತ್ತುಕೊಂಡರು, ಊರಿಗೆ ತನ್ನದೇ ಆಡಳಿತ ಇಲ್ಲದಂತೆ ಮಾಡಿದರು. ಒಪ್ಪಂದದ ಇನ್ನೊಂದು ಮುಖ ಇದು.

ಒಳಗೂ ಬಿರುಕು ಇತ್ತು. 209ರಲ್ಲಿ 30 ಲ್ಯಾಟಿನ್ ವಸಾಹತುಗಳಲ್ಲಿ 12, ನಮ್ಮಲ್ಲಿ ಇನ್ನು ಜನವೂ ಇಲ್ಲ ಹಣವೂ ಇಲ್ಲ ಎಂದು ಕೈಚೆಲ್ಲಿದವು. ಸೆನೆಟ್ ಗಾಬರಿಯಾಯಿತು. ಆಗ ಉಳಿದ 18 ಊರುಗಳ ಪರವಾಗಿ ಎದ್ದು ನಿಂತವನು ಮಾರ್ಕಸ್ ಸೆಕ್ಸ್ಟಿಲಿಯಸ್, ಫ್ರೆಗೆಲ್ಲೆ ಊರಿನವನು. ಒಪ್ಪಂದದಂತೆ ನಮ್ಮ ಸೈನಿಕರು ಸಿದ್ಧ, ಜಾಸ್ತಿ ಬೇಕಾದರೆ ಜಾಸ್ತಿ ಕೊಡುತ್ತೇವೆ ಎಂದ. ಈ 18 ಊರುಗಳ ಹೆಸರನ್ನು ಲಿವಿ ಒಂದೊಂದಾಗಿ ಬರೆದಿಟ್ಟಿದ್ದಾನೆ. ರೋಮ್ ಉಳಿದದ್ದು ಇವರಿಂದ ಎಂದೂ ಹೇಳಿದ್ದಾನೆ.

202ರಲ್ಲಿ ಆಫ್ರಿಕಾದ ಝಾಮಾದಲ್ಲಿ ರೋಮನ್ ಸೇನಾಪತಿ ಸಿಪಿಯೋ ಹ್ಯಾನಿಬಲ್‌ನನ್ನು ಸೋಲಿಸಿದ. ಕಾರ್ತೇಜ್ 50 ವರ್ಷಗಳಲ್ಲಿ 10,000 ಟ್ಯಾಲೆಂಟ್ (ಆಗಿನ ಒಂದು ತೂಕದ ಅಳತೆ) ಬೆಳ್ಳಿ ಕೊಡಬೇಕು, ಯುದ್ಧದ ಹಡಗು ಹತ್ತೇ ಇಟ್ಟುಕೊಳ್ಳಬೇಕು, ರೋಮ್ ಅನುಮತಿ ಇಲ್ಲದೆ ಯುದ್ಧ ಮಾಡುವಂತಿಲ್ಲ ಎಂದಾಯಿತು.

ಸಮುದ್ರದಾಚೆ ಬೇರೆ ರೀತಿ

ಇಲ್ಲಿಯವರೆಗೆ ಹೇಳಿದ ಪದ್ಧತಿ ಇಟಲಿಯದು. ಇಟಲಿ ದಾಟಿದ ಮೇಲೆ ರೋಮ್ ಬದಲಾಯಿತು. ಇದನ್ನು ಮರೆಮಾಚಿ ರೋಮ್ ಬೆಳೆದ ಕತೆ ಹೇಳುವುದು ಸರಿಯಲ್ಲ.

ಸಿಸಿಲಿ ಮೊದಲ ಪ್ರಾಂತ್ಯವಾಯಿತು. ಅಲ್ಲಿಯ ಜನರಿಂದ ಮುಖ್ಯವಾಗಿ ಪಡೆದದ್ದು ಸೈನಿಕರನ್ನಲ್ಲ, ಬೆಳೆದ ಧಾನ್ಯದಲ್ಲಿ ಹತ್ತರಲ್ಲಿ ಒಂದು ಪಾಲು. ಅಂದರೆ ಕಪ್ಪ. ಕಾರ್ತೇಜ್ ತನ್ನ ಕೂಲಿ ಸೈನಿಕರ ದಂಗೆಯಲ್ಲಿ ಒದ್ದಾಡುತ್ತಿದ್ದಾಗ ರೋಮ್ ಸಾರ್ಡೀನಿಯಾವನ್ನೂ ಕಿತ್ತುಕೊಂಡಿತ್ತು. ರೋಮ್‌ನ ಅಭಿಮಾನಿಯಾದ ಪೊಲಿಬಿಯಸ್ ಕೂಡ ಇದಕ್ಕೆ ಯಾವ ನ್ಯಾಯವೂ ಇಲ್ಲ ಎಂದಿದ್ದಾನೆ.

ಪೂರ್ವದಲ್ಲಿ ಮೊದಲು ನಯವಾಗಿಯೇ ಹೋದರು. 197ರಲ್ಲಿ ಫಿಲಿಪ್, ಅದೇ ಪತ್ರ ಬರೆದ ಫಿಲಿಪ್, ಸೈನೊಸೆಫಲೆಯಲ್ಲಿ ಸೋತ. ಆ ರಣರಂಗ ಇದ್ದದ್ದೂ ಲಾರಿಸಾ ಇರುವ ಥೆಸಲಿಯಲ್ಲೇ. ಮರುವರ್ಷ ಕೊರಿಂತ್ ಬಳಿಯ ಆಟದ ಜಾತ್ರೆಯಲ್ಲಿ ರೋಮನ್ ಸೇನಾಪತಿ ಫ್ಲಾಮಿನಿನಸ್, ಗ್ರೀಕರು ಇನ್ನು ಸ್ವತಂತ್ರರು ಎಂದು ಸಾರಿಸಿದ. ಜನ ಹಾಕಿದ ಕೇಕೆಗೆ ಹಾರುತ್ತಿದ್ದ ಕಾಗೆಗಳೇ ಕೆಳಗೆ ಬಿದ್ದವು ಎಂದು ಗ್ರೀಕ್ ಬರಹಗಾರ ಪ್ಲುಟಾರ್ಕ್ ಬರೆದಿದ್ದಾನೆ. ರೋಮನ್ನರು ನಿಜವಾಗಿ ಸೈನ್ಯ ವಾಪಸ್ ಕರೆಸಿಕೊಂಡರು ಕೂಡ. ಆದರೆ ರೋಮ್ ಕೊಟ್ಟ ಸ್ವಾತಂತ್ರ್ಯದ ಅರ್ಥ, ನಮಗೆ ಬೇಡವಾದದ್ದನ್ನು ಮಾಡಬೇಡಿ ಎಂಬುದಾಗಿತ್ತು. 168ರಲ್ಲಿ ಸಿರಿಯಾದ ದೊರೆ ನಾಲ್ಕನೇ ಆಂಟಿಯೋಕಸ್ ಈಜಿಪ್ಟ್ ಗೆಲ್ಲುವ ಹಂತದಲ್ಲಿದ್ದ. ಪೊಪಿಲಿಯಸ್ ಎಂಬ ರೋಮನ್ ದೂತ ಹೋಗಿ, ವಾಪಸ್ ಹೋಗು ಎಂಬ ಸೆನೆಟ್ ಆಜ್ಞೆ ಕೊಟ್ಟ. ಯೋಚಿಸಲು ಸಮಯ ಬೇಕು ಎಂದ ದೊರೆಯ ಸುತ್ತ ಕೋಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದ. ಈ ಗೆರೆ ದಾಟುವ ಮೊದಲು ಉತ್ತರ ಹೇಳು ಎಂದ. ದೊರೆ ಹೊರಟುಹೋದ. ಅಲ್ಲಿ ಒಬ್ಬ ರೋಮನ್ ಸೈನಿಕನೂ ಬೇಕಾಗಲಿಲ್ಲ.

ಅದೇ ವರ್ಷ ಪಿಡ್ನಾ ಯುದ್ಧದಲ್ಲಿ ಸೋತು ಮ್ಯಾಸಿಡೋನಿಯಾ ಮುಗಿಯಿತು. ರಾಜ್ಯವನ್ನು ನಾಲ್ಕು ತುಂಡು ಮಾಡಿ, ಒಂದು ತುಂಡಿನವರು ಇನ್ನೊಂದರಲ್ಲಿ ಮದುವೆ ಆಗುವಂತಿಲ್ಲ, ಭೂಮಿ ಕೊಳ್ಳುವಂತಿಲ್ಲ ಎಂದರು. 338ರ ಷರತ್ತೇ ಮತ್ತೆ, ಆದರೆ ಈ ಸಲ ಪೌರತ್ವದ ಆಸೆ ಜೊತೆಗಿಲ್ಲ. 167ರಲ್ಲಿ ಎಪಿರಸ್‌ನ 70 ಊರುಗಳನ್ನು ಸೂರೆ ಮಾಡಿ 1,50,000 ಜನರನ್ನು ಗುಲಾಮರಾಗಿ ಮಾರಿದರು. ಖಜಾನೆ ಎಷ್ಟು ತುಂಬಿತೆಂದರೆ, ಅದೇ ವರ್ಷದಿಂದ ರೋಮನ್ ಪೌರರು ನೇರ ತೆರಿಗೆ ಕಟ್ಟುವುದು ನಿಂತುಹೋಯಿತು. ಈ ಎರಡು ಸಂಗತಿಗಳನ್ನು ಒಂದೇ ಸಾಲಿನಲ್ಲಿ ಬರೆಯುವಾಗ ನನಗೆ ಕೈ ನಡುಗುತ್ತದೆ.

ಕಾರ್ತೇಜ್‌ನ ಕೊನೆ ಇನ್ನೂ ಕಷ್ಟದ ಓದು. 149ರಲ್ಲಿ ರೋಮ್ ಮೊದಲು 300 ಒತ್ತೆಯಾಳುಗಳನ್ನು ಕೇಳಿತು, ಕೊಟ್ಟರು. ಆಯುಧಗಳನ್ನೆಲ್ಲ ಕೇಳಿತು, ಅದನ್ನೂ ಗಾಡಿ ತುಂಬಿ ಕೊಟ್ಟರು. ಆಮೇಲೆ, ಊರು ಬಿಟ್ಟು ಸಮುದ್ರದಿಂದ ಸುಮಾರು 15 ಕಿಲೋಮೀಟರ್ ಒಳಗೆ ಹೋಗಿ ಎಂದಿತು. ಕಡಲ ವ್ಯಾಪಾರದಿಂದ ಬದುಕುವ ಜನಕ್ಕೆ ಹೇಳುವ ಮಾತೇ ಅದು? ಬರಿಗೈಲಿದ್ದ ಊರು ಮೂರು ವರ್ಷ ಹೋರಾಡಿತು. 146ರಲ್ಲಿ ಬಿದ್ದಿತು. ಉಳಿದ 50,000 ಜನರನ್ನು ಮಾರಿದರು. ನೆಲಕ್ಕೆ ಉಪ್ಪು ಸುರಿದರು ಎಂಬುದು ಈಚಿನ ಕಾಲದಲ್ಲಿ ಹುಟ್ಟಿದ ಕತೆ, ಹಳೆಯ ಯಾವ ಬರಹದಲ್ಲೂ ಇಲ್ಲ. ಉರಿಯುವ ಊರು ನೋಡಿ ಗೆದ್ದ ಸೇನಾಪತಿ ಸಿಪಿಯೋ ಎಮಿಲಿಯಾನಸ್ ಅತ್ತ, ಒಂದು ದಿನ ರೋಮ್‌ಗೂ ಹೀಗಾಗಬಹುದು ಎಂದ. ಪಕ್ಕದಲ್ಲೇ ಇದ್ದ ಪೊಲಿಬಿಯಸ್ ಇದನ್ನು ದಾಖಲಿಸಿದ್ದಾನೆ. ಅದೇ ವರ್ಷ ಗ್ರೀಸ್‌ನ ಕೊರಿಂತ್ ನಗರವನ್ನೂ ನೆಲಸಮ ಮಾಡಿದರು. 50 ವರ್ಷದ ಹಿಂದೆ ಸ್ವಾತಂತ್ರ್ಯ ಸಾರಿದ್ದು ಅದರ ಪಕ್ಕದಲ್ಲೇ.

ಗೂಳಿ ಮತ್ತು ತೋಳ

ಈ ಗೆಲುವುಗಳಲ್ಲೆಲ್ಲ ಸತ್ತವರಲ್ಲಿ ಅರ್ಧದಷ್ಟು ಜನ ರೋಮನ್ನರಲ್ಲ, ಇಟಲಿಯ ಮಿತ್ರರು. ಆದರೆ ರೋಮ್ ಶ್ರೀಮಂತವಾದಂತೆ ಪೌರತ್ವ ಕೊಡುವ ಕೈ ಬಿಗಿಯಾಯಿತು. ಕ್ರಿ.ಪೂ. 125ರಲ್ಲಿ ಮಿತ್ರರಿಗೆ ಪೌರತ್ವ ಕೊಡಬೇಕೆಂಬ ಪ್ರಸ್ತಾಪ ರೋಮ್‌ನಲ್ಲಿ ಬಂತು, ಬಿದ್ದುಹೋಯಿತು. ಅದೇ ವರ್ಷ ಒಂದು ಲ್ಯಾಟಿನ್ ವಸಾಹತು ದಂಗೆ ಎದ್ದಿತು. ಯಾವುದು ಗೊತ್ತಾ? ಫ್ರೆಗೆಲ್ಲೆ. ಹ್ಯಾನಿಬಲ್ ಕಾಲದಲ್ಲಿ 18 ಊರುಗಳ ಪರ ಮಾತಾಡಿದ ಅದೇ ಊರು. ರೋಮನ್ ಸೈನ್ಯ ಹೋಗಿ ಅದನ್ನು ಅಳಿಸಿಹಾಕಿತು. ಪುರಾತತ್ವದವರು ಅಗೆದು ತೆಗೆದ ಅದರ ಪಾಯಗಳು ಈಗಿನ ಚೆಪ್ರಾನೊ ಊರಿನ ಬಳಿ ಇವೆ.

91ರಲ್ಲಿ ಇಟಲಿಯ ಅರ್ಧ ಸಿಡಿದೆದ್ದಿತು. ಕೊರ್ಫಿನಿಯಮ್ ಎಂಬ ಊರನ್ನು ರಾಜಧಾನಿ ಮಾಡಿಕೊಂಡು ಅದಕ್ಕೆ ಇಟಾಲಿಕಾ ಎಂದು ಹೆಸರಿಟ್ಟರು. ತಮ್ಮದೇ ನಾಣ್ಯ ಹೊಡೆಸಿದರು. ಒಂದರ ಮೇಲೆ ಗೂಳಿ ತೋಳವನ್ನು ತಿವಿದು ತುಳಿಯುತ್ತಿದೆ. ಗೂಳಿ ಇಟಲಿ, ತೋಳ ರೋಮ್. ಈ ಸೈನಿಕರಿಗೆ ರೋಮನ್ ಯುದ್ಧ ಕಲಿಸಬೇಕಿರಲಿಲ್ಲ, ತಲೆಮಾರುಗಳಿಂದ ಅದನ್ನೇ ಮಾಡಿದ್ದರು. ರೋಮ್ ಸೋಲಿನ ಅಂಚಿಗೆ ಬಂದು, 90ರಲ್ಲಿ ನಿಷ್ಠರಾಗಿ ಉಳಿದವರಿಗೆ, ಆಮೇಲೆ ಆಯುಧ ಕೆಳಗಿಟ್ಟವರಿಗೂ, ಪೌರತ್ವ ಕೊಟ್ಟಿತು. ಕೇಳಿದ್ದನ್ನು ಕೊಟ್ಟೇ ಯುದ್ಧ ಗೆದ್ದಿತು. ಲಕ್ಷಾಂತರ ಜನ ಸತ್ತ ಮೇಲೆ ಅಲ್ಲ, ಮೊದಲೇ ಕೊಡಬಹುದಿತ್ತು ಅಲ್ವಾ?

ಈ ಯುದ್ಧಕ್ಕೆ ಕಟ್ಟಿದ ಸೈನ್ಯಗಳು ಮನೆಗೆ ಹೋಗಲಿಲ್ಲ. 88ರಲ್ಲಿ ನೋಲಾ ಊರಿಗೆ ಮುತ್ತಿಗೆ ಹಾಕಿದ್ದ ರೋಮನ್ ಸೇನಾಪತಿ ಸುಲ್ಲಾ, ಆ ಸೈನ್ಯವನ್ನೇ ತಿರುಗಿಸಿಕೊಂಡು ರೋಮ್ ಮೇಲೆ ನಡೆದ. ಅಲ್ಲಿಂದ ಮುಂದೆ ದೊಡ್ಡ ಗೆಲುವುಗಳೆಲ್ಲ ಒಬ್ಬೊಬ್ಬ ಸೇನಾಪತಿಯ ಸ್ವಂತ ಬಂಡವಾಳವಾದವು. ಸೀಸರ್ 58ರಿಂದ ಗಾಲ್ ದೇಶ, ಅಂದರೆ ಈಗಿನ ಫ್ರಾನ್ಸ್ ಸೀಮೆ, ಗೆದ್ದದ್ದು ಹೀಗೆ. ಮುಂದೆ ಅಗಸ್ಟಸ್ ಆಗಲಿದ್ದ ಆಕ್ಟೇವಿಯನ್ ಕ್ರಿ.ಪೂ. 30ರಲ್ಲಿ ಈಜಿಪ್ಟ್ ತೆಗೆದುಕೊಂಡ. ಕೆಂಪು ಸಮುದ್ರದ ದಾರಿ ರೋಮ್ ಕೈಗೆ ಬಂತು. ಮಯೋಸ್ ಹೋರ್ಮೋಸ್ ಬಂದರಿನಿಂದ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವು ಎಂದು ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಬೆಂಗಳೂರಿನ ಯಶವಂತಪುರದಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್, ಟೈಬೀರಿಯಸ್ ಮುಖವಿರುವ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವು ಇಲ್ಲಿಗೆ ಬಂದದ್ದು ಆ ಕಾಲದ ವ್ಯಾಪಾರದಿಂದ.

ಕ್ರಿ.ಶ. 48ರಲ್ಲಿ ಗಾಲ್ ದೇಶದ ಪ್ರಮುಖರು ತಮಗೂ ಸೆನೆಟ್‌ನಲ್ಲಿ ಜಾಗ ಬೇಕೆಂದು ಕೇಳಿದರು. ಹಳೆಯ ಸದಸ್ಯರಿಗೆ ಸಿಟ್ಟು ಬಂತು. ಇವರ ಅಜ್ಜಂದಿರೇ ಗಾಲ್ ಯುದ್ಧದ ಅಲೇಸಿಯಾದಲ್ಲಿ ಸೀಸರ್‌ನನ್ನು ಸುತ್ತುವರಿದವರು ಎಂದರು. ಚಕ್ರವರ್ತಿ ಕ್ಲಾಡಿಯಸ್ ಎದ್ದು ಮಾತಾಡಿದ. ಅವನು ಹುಟ್ಟಿದ್ದೇ ಗಾಲ್‌ನ ಲುಗ್ಡುನಮ್‌ನಲ್ಲಿ, ಅಂದರೆ ಈಗಿನ ಲಿಯೋನ್‌ನಲ್ಲಿ. ರೋಮ್‌ನ ಹಳೆಯ ದೊರೆಗಳಲ್ಲೇ ಹಲವರು ಹೊರಗಿನವರು ಎಂದು ನೆನಪಿಸಿದ. ಸ್ಪಾರ್ಟಾ, ಅಥೆನ್ಸ್ ಅಷ್ಟು ಶೂರವಾಗಿದ್ದೂ ಹಾಳಾದದ್ದು, ತಮಗೆ ಸೋತವರನ್ನು ಪರಕೀಯರೆಂದು ದೂರ ಇಟ್ಟಿದ್ದರಿಂದ ಎಂಬ ಮಾತನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಅವನ ಬಾಯಲ್ಲಿ ಹೇಳಿಸಿದ್ದಾನೆ. ಆ ಭಾಷಣವನ್ನು ಕಂಚಿನ ಹಲಗೆಯಲ್ಲಿ ಕೆತ್ತಿಸಿ ಲುಗ್ಡುನಮ್‌ನಲ್ಲಿ ಇಟ್ಟರು. ಹಲಗೆಯ ತುಂಡುಗಳು 1528ರಲ್ಲಿ ಸಿಕ್ಕವು, ಈಗ ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿವೆ.

ಸೆನೆಟ್ ಕೊನೆಗೆ ಒಪ್ಪಿತು. ಆ ಹಕ್ಕು ಮೊದಲು ಸಿಕ್ಕಿದ್ದು ಏಡುಯಿ ಎಂಬ ಗಾಲ್ ಬುಡಕಟ್ಟಿಗೆ. ನೂರು ವರ್ಷದ ಹಿಂದೆ, ಕ್ರಿ.ಪೂ. 52ರಲ್ಲಿ, ಅವರೂ ಸೀಸರ್ ವಿರುದ್ಧ ಕತ್ತಿ ಎತ್ತಿದ್ದರು.